ನಾಲ್ಕನೇ ಜ್ವರದ ಭಾನುವಾರ

ನಮ್ಮ ಮನೆಯ ಹಿಂದೆ ಯಾರೋ ನೆಟ್ಟು ಮರೆತ ಒಂದು ತೇಗದ ಮರವಿದೆ. ಅದರ ಎಲೆಗಳು ಉದುರಿ ಒಣಗಿ ಹಪ್ಪಳದಂತೆ ಬಿದ್ದಿರುವಾಗ ಸಣ್ಣ ಹನಿಯ ಮಳೆ ಬಂದರೆ, ಕೈಯಲ್ಲಿದ್ದ ಕೆಲಸ ಬಿಟ್ಟು ಸುಮ್ಮನೆ ಕೂತುಬಿಡುತ್ತೇನೆ. ಸರಸರ ಎಂದು ಒಂದೇ ಸಮನೆ ಬರುವ ಆ ಸದ್ದು ನನ್ನ ಕಿವಿಗೆ ಮಳೆಯದಲ್ಲ, ರೇಷ್ಮೆ ಹುಳು ಸೊಪ್ಪು ತಿನ್ನುವ ಸದ್ದು. ಹುಳು ಸಾಕಿದ ಮನೆಯಲ್ಲಿ ಬೆಳೆದವರು ನೀವಾಗಿದ್ದರೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರು ನನ್ನ ಮಾತು ನಂಬಬೇಕು. ಚಾಮರಾಜನಗರದಲ್ಲಿ, ಊರು ಮುಗಿದು ರೈಲು ಹಳಿ ಶುರುವಾಗುವ ಕಡೆ ನಮ್ಮ ಮನೆಯಿತ್ತು. ಅದರಲ್ಲಿ ಗಾಳಿ ಬೆಳಕು ಚೆನ್ನಾಗಿದ್ದ ದೊಡ್ಡ ಕೋಣೆ ಹುಳುವಿಗೆ, ಮಿಕ್ಕ ಸಂದಿಗೊಂದಿಯೆಲ್ಲ ನಮಗೆ. ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಅಟ್ಟಣಿಗೆಯಲ್ಲಿ ಜೋಡಿಸಿ, ಹಿಪ್ಪುನೇರಳೆ ಸೊಪ್ಪು ಹೆಚ್ಚಿ ಉದುರಿಸಿದರೆ, ಒಂದು ಗಳಿಗೆಗೆಲ್ಲ ಮನೆಯೊಳಗೆ ಮಳೆ ಹಿಡಿದುಕೊಳ್ಳುತ್ತಿತ್ತು. ಆ ಕೋಣೆಗೆ ಕಾಲು ತೊಳೆಯದೆ ಹೋಗುವಂತಿಲ್ಲ, ಹೂ ಮುಡಿದು ಹೋಗುವಂತಿಲ್ಲ, ಪಕ್ಕದಲ್ಲಿ ಒಗ್ಗರಣೆ ಹಾಕುವಂತಿಲ್ಲ. ಹುಳುವಿಗೆ ವಾಸನೆ ಆಗದು. ನಮಗೆ ಏನು ಆಗದು ಎಂದು ಆ ಮನೆಯಲ್ಲಿ ಯಾರೂ ಕೇಳಿದವರಲ್ಲ.

ಆ ಕೋಣೆಯ ಯಜಮಾನಿ ನಮ್ಮಜ್ಜಿ ಮಹದೇವಮ್ಮ. ಎದ್ದ ಕೂಡಲೇ ಸ್ನಾನ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ, ಆಮೇಲೆಯೇ ಬಾಯಿಗೆ ಒಂದು ಗುಟುಕು ನೀರು. ಪೂಜೆ ಆಗದ ದಿನ ನೀರೂ ಇಲ್ಲ. ಮಂಡಿ ನೋವು, ಬಾಯಿ ಜೋರು. ಬೆಲ್ಲದ ಮಂಡಿ ಇಟ್ಟಿದ್ದ ನಮ್ಮಪ್ಪ ಹೊರಗೆ ಎಷ್ಟು ದೊಡ್ಡ ಸಾಹುಕಾರನಾದರೂ ಹೊಸ್ತಿಲು ದಾಟಿದ ಮೇಲೆ 'ಅವ್ವ ಹೇಳಿದಂಗೆ' ಅನ್ನುವುದಷ್ಟೇ ಅವರ ಕೆಲಸ. ನಮ್ಮವ್ವ ದೇವೀರಮ್ಮ ಗುಂಡ್ಲುಪೇಟೆಯವಳು. ಮದುವೆಯಾಗಿ ಬಂದ ಮೇಲೆ ಅವಳ ದಿನಗಳು ತಟ್ಟೆಗಳ ನಡುವೆಯೇ ಕಳೆದವು. ನಾನು ಆರು ವರ್ಷದವಳಿದ್ದಾಗ ಗುಂಡ್ಲುಪೇಟೆಯಲ್ಲಿ ಅವಳ ಸ್ವಂತ ತಂಗಿಯ ಮದುವೆ ಆಯಿತು. ಹುಳು ಹಣ್ಣಾಗಿ ಗೂಡು ಕಟ್ಟಲು ನಿಂತಿದ್ದವು. ಹಣ್ಣಾದ ಹುಳುವನ್ನು ಆರಿಸಿ, ಗೂಡು ಕಟ್ಟಲೆಂದು ಬಿದಿರಿನಲ್ಲಿ ಹೆಣೆದ ಚಂದ್ರಿಕೆಗೆ ಬಿಡಬೇಕು, ಒಂದು ದಿನ ತಪ್ಪಿದರೆ ಬೆಳೆಯೇ ಹೋಯಿತು. ಅಜ್ಜಿ ಕಳಿಸಲಿಲ್ಲ. ಅವ್ವ ಅಳಲಿಲ್ಲ, ಜಗಳ ಆಡಲಿಲ್ಲ. ಅವತ್ತಿನಿಂದ ಅಜ್ಜಿಯ ಹತ್ತಿರ ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಆಡಲಿಲ್ಲ, ಅಷ್ಟೇ. ಕೇಳಿದ್ದಕ್ಕೆ ಉತ್ತರ, ಹೇಳಿದ್ದಕ್ಕೆ 'ಊ'. ಹೀಗೆ ನಾಲ್ಕು ವರ್ಷ. ಅಜ್ಜಿಯ ಬೈಗುಳಕ್ಕಿಂತ ಅವ್ವನ ಆ 'ಊ' ನನಗೆ ಹೆದರಿಕೆ ಹುಟ್ಟಿಸುತ್ತಿತ್ತು.

ಹೀಗಿರುವಾಗ ನಂಜುಂಡಮಾವ ಬಂದ. ಅವ್ವನ ತಮ್ಮ, ಗುಂಡ್ಲುಪೇಟೆ–ಮೈಸೂರು ಬಸ್ಸಿನಲ್ಲಿ ಕಂಡಕ್ಟರು. ಬಂದಾಗಲೆಲ್ಲ ಏನಾದರೂ ತರುತ್ತಿದ್ದ, ವಯನಾಡಿನ ಕಡೆಯವರು ಬಸ್ಸಿನಲ್ಲಿ ಮಾರುತ್ತಿದ್ದ ನೇಂದ್ರ ಬಾಳೆಯೋ, ಚಕ್ಕೆ ಮೆಣಸೋ. ಆ ಸಲ ತಂದದ್ದು ಒಂದು ಗುಲಾಬಿ ಬಣ್ಣದ ಕಾಗದ. ಉತ್ತರದ ಕಡೆಯಿಂದ ಒಂದು ದೊಡ್ಡ ನೃತ್ಯ ತಂಡ ಮೈಸೂರಿಗೆ ಬರುತ್ತದಂತೆ, ಬ್ಯಾಲೆ ಅಂತ ಅದರ ಹೆಸರು, ಹೆಂಗಸರು ಮಕ್ಕಳಿಗಾಗಿ ಭಾನುವಾರ ಹಗಲು ಆಟವೂ ಉಂಟಂತೆ. ಅದರಲ್ಲಿ ಮಾತೇ ಇರುವುದಿಲ್ಲ, ಕುಣಿದುಕೊಂಡೇ ಕತೆ ಹೇಳುತ್ತಾರೆ ಎಂದು ಮಾವ ಕೈ ತಿರುಗಿಸಿ ತೋರಿಸಿದ. ಬಾಯಿದ್ದೂ ಮಾತಾಡದವರನ್ನು ನೋಡಲು ರೈಲು ಹತ್ತಬೇಕೇ, ಅಂಥವಳು ಒಬ್ಬಳು ಇದೇ ಮನೆಯಲ್ಲಿ ಇದ್ದಾಳಲ್ಲ ಎಂದಳು ಅಜ್ಜಿ, ಸೊಪ್ಪಿನ ಕಡೆಯಿಂದ ತಲೆ ಎತ್ತದೆ.  ಅವ್ವ ಆ ಕಾಗದವನ್ನು ಇಸಿದುಕೊಂಡು ನಿಧಾನವಾಗಿ ಓದಿದಳು, ನಾಲ್ಕಾಗಿ ಮಡಿಸಿದಳು. ಆಮೇಲೆ ಆಡಿದ ಮಾತಿಗೆ ನಮ್ಮಪ್ಪನ ಕೈಯ ಲೋಟ ಅಲ್ಲೇ ನಿಂತಿತು.

"ನಾನು ಇದ ನೋಡ್ಬೇಕು ಅತ್ತೆ."

ಅಜ್ಜಿ ಕತ್ತಿ ಕೆಳಗಿಟ್ಟಳು. 

"ನಾಕ್ನೇ ಜರ ಬಂದಿದ್ರೆ ಓಗು. ಬರ್ನಿಲ್ಲ ಅಂದ್ರೆ ಈ ಮಾತ ಎತ್ಬ್ಯಾಡ."

ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ತಿನ್ನುವುದಿಲ್ಲ, ಹರಿದಾಡುವುದಿಲ್ಲ, ತಲೆ ಎತ್ತಿಕೊಂಡು ಒಂದು ಹಗಲು ಒಂದು ರಾತ್ರಿ ಅಲ್ಲಾಡದೆ ಮಲಗಿಬಿಡುತ್ತದೆ. ಅದಕ್ಕೇ ಜ್ವರ ಅನ್ನುತ್ತಿದ್ದರು. ಮನೆಯವರಿಗೆ ಬಿಡುವು ಅನ್ನುವುದಿದ್ದರೆ ಅದೊಂದೇ ದಿನ. ಮಾವ ಬಂದಾಗ ಇನ್ನೂ ಮೊಟ್ಟೆಯನ್ನೇ ತಂದಿರಲಿಲ್ಲ. ಅವ್ವ ಬೆರಳ ಗಿಣ್ಣು ಎಣಿಸಿ, ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಟು ಹಾಕಿ ಲೆಕ್ಕ ಕಟ್ಟಿದಳು. ಮೊಟ್ಟೆ ಇಂಥ ದಿನ ಒಡೆದರೆ ಮೊದಲ ಜ್ವರ ಇಂಥ ದಿನ, ಎರಡನೆಯದು, ಮೂರನೆಯದು, ನಾಲ್ಕನೆಯದು ಸರಿಯಾಗಿ ಆ ಭಾನುವಾರ. ಅದಕ್ಕಾಗಿ ಮೊಟ್ಟೆ ತರುವುದನ್ನು ಮೂರು ದಿನ ಮುಂದೆ ಹಾಕಿಸಿದಳು. ಮೈಸೂರಿನ ಆಟಕ್ಕೆ ಟಿಕೆಟ್ಟಿಗಿಂತ ಮುಂಚೆ ಹುಳುವಿನ ಮೊಟ್ಟೆ ತಂದವರು ನಾವೊಬ್ಬರೇ ಇರಬೇಕು. ಪಕ್ಕದ ಮನೆಯ ಜುಲೇಕಾಬಿ, ಅವಳ ಗಂಡ ದರ್ಜಿ, ಅವ್ವನಿಗೆ ಬುಗ್ಗೆ ತೋಳಿನ ರವಿಕೆ ಹೊಲಿಸಿಕೊಟ್ಟಳು. ದಿನಾ ಸಂಜೆ ಗೋಡೆಯಾಚೆಯಿಂದ ಇಣುಕಿ, ಹುಳು ಎಷ್ಟನೆಯ ಜ್ವರದಲ್ಲಿದೆ ಎಂದು ತನ್ನ ಮಕ್ಕಳ ಮೈ ವಿಚಾರಿಸಿದಂತೆ ವಿಚಾರಿಸುತ್ತಿದ್ದಳು. ಬುತ್ತಿಗೆ ಏನು, ನಂಜನಗೂಡಿನಲ್ಲಿ ಮಾವ ಯಾವ ಡಬ್ಬಿಗೆ ಹತ್ತಬೇಕು, ನನ್ನ ಜಡೆಗೆ ಯಾವ ಟೇಪು, ಎಲ್ಲವೂ ಸೊಪ್ಪು ಹೆಚ್ಚುತ್ತ ಹೆಚ್ಚುತ್ತಲೇ ತೀರ್ಮಾನವಾದವು. ಆ ಇಪ್ಪತ್ತು ದಿನ ಅವ್ವ ಹಾಡು ಗುನುಗುತ್ತಿದ್ದಳು. ಅವಳಿಗೆ ಹಾಡು ಬರುತ್ತದೆ ಎಂದು ನನಗೆ ಗೊತ್ತಾದದ್ದೇ ಆಗ.

ಮೂರು ಜ್ವರ ಲೆಕ್ಕಕ್ಕೆ ಸರಿಯಾಗಿ ಬಂದವು. ಆಮೇಲೆ ಚಳಿ ಶುರುವಾಯಿತು ನೋಡಿ, ಹಾಳಾದ್ದು. ಬಿಳಿಗಿರಿ ಬೆಟ್ಟದ ಕಡೆಯಿಂದ ಬೀಸುವ ಗಾಳಿಗೆ ಮನೆಯ ಗೋಡೆಗಳೂ ತಣ್ಣಗಾದವು. ಚಳಿಗೆ ಹುಳು ಮಂದವಾಗುತ್ತವೆ, ಜ್ವರ ಹಿಂದೆ ಬೀಳುತ್ತದೆ. ಅವ್ವ ಕಿಟಕಿಗೆಲ್ಲ ಗೋಣಿ ಕಟ್ಟಿದಳು, ಕೋಣೆಯ ನಾಲ್ಕು ಮೂಲೆಗೂ ಕೆಂಡದ ಮಡಕೆ ಇಟ್ಟಳು. ಶನಿವಾರ ಸಂಜೆ ಹುಳು ಇನ್ನೂ ತಿನ್ನುತ್ತಲೇ ಇದ್ದವು. ಆದರೆ ಮೈ ಹೊಳಪು ಬಂದಿತ್ತು, ತಿನ್ನುವುದು ನಿಧಾನವಾಗಿತ್ತು. ಬೆಳಗಿನ ಹೊತ್ತಿಗೆ ಮಲಗಿದರೂ ಮಲಗಬಹುದು ಅನ್ನುವ ಹಾಗಿತ್ತು.  ಅವ್ವ ಗುನುಗುವುದನ್ನು ನಿಲ್ಲಿಸಿದ್ದಳು. ದೇವರೇ, ಹುಳು ಮಲಗಿಸಪ್ಪ ಎಂದು ಬೇಡಿಕೊಂಡು ನಾನು ಮಲಗಿದೆ.

ಬೆಳಗಿನ ಜಾವ ತಣ್ಣೀರಿನಲ್ಲೇ ನನ್ನ ಮುಖ ತೊಳೆಸಿ, ಅವ್ವ ತಾನೂ ತಲೆಗೆ ನೀರು ಹಾಕಿಕೊಂಡು, ಹೋಗುತ್ತೇವೋ ಇಲ್ಲವೋ ಗೊತ್ತಿಲ್ಲದೆಯೇ ಹೊಸ ರವಿಕೆ ತೊಟ್ಟಳು. ಜುಲೇಕಾಬಿ ಹಿಂದಿನ ಸಂಜೆಯೇ ಕೊಟ್ಟು ಹೋಗಿದ್ದ ಮಲ್ಲಿಗೆಯನ್ನು ಇಬ್ಬರೂ ಮುಡಿದೆವು. ಅವ್ವ ಹುಳುವಿನ ಕೋಣೆಯ ಕಡೆ ಹೆಜ್ಜೆ ಇಟ್ಟಾಗ ಅಜ್ಜಿ ಒಳಗಿನಿಂದ ಬಂದು ಬಾಗಿಲು ಎಳೆದುಕೊಂಡು, ಅದಕ್ಕೇ ಬೆನ್ನು ಕೊಟ್ಟು ನಿಂತಳು.

"ಊ ಮುಡ್ಕಂಡು ಒಳಕ್ ಬರ್ಬ್ಯಾಡ. ಉಳ ಮನಗವೆ. ಓಗ್ಬುಟ್ಟು ಬನ್ನಿ."

ಅವ್ವ ಒಂದು ಗಳಿಗೆ ನಿಂತಳು. "ಊ" ಅಂದಳು. ಬುತ್ತಿ ಗಂಟು ತರಲು ಅಡುಗೆಮನೆಗೆ ಹೋದಳು. ನಾನು ಬಾಗಿಲ ಹತ್ತಿರವೇ ಇದ್ದೆ. ಅಜ್ಜಿಯ ಸೀರೆಯ ಹಿಂದಿನಿಂದ, ಮುಚ್ಚಿದ ಹಲಗೆಯ ಸಂದಿಯಿಂದ, ಸಣ್ಣಗೆ, ಸರಸರ ಅಂತ ಮಳೆ ಬರುತ್ತಿತ್ತು. ಹುಳು ತಿನ್ನುತ್ತಿದ್ದವು. ನಾನು ತಲೆಯೆತ್ತಿ ಅಜ್ಜಿಯನ್ನು ನೋಡಿದೆ. ಅಜ್ಜಿ ನನ್ನನ್ನು ನೋಡಿದಳು. ಹೇಳಿಬಿಟ್ಟರೆ ಅವ್ವ ರವಿಕೆ ಬಿಚ್ಚಿಟ್ಟು ಸೊಪ್ಪಿಗೆ ಕೂರುತ್ತಾಳೆ, ಹೇಳದಿದ್ದರೆ ಬೆಳೆ ಏನಾಗುತ್ತದೋ ಗೊತ್ತಿಲ್ಲ. ಹತ್ತು ವರ್ಷದ ನನಗೆ ಅವ್ವನ ಆಸೆಯ ಜೊತೆಗೆ ನನ್ನ ಆಸೆಯೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಹೇಳಲಿಲ್ಲ.

ರೈಲಿನಲ್ಲಿ ಅವ್ವ ಕಿಟಕಿಯ ಪಕ್ಕ ನನ್ನನ್ನು ಕೂರಿಸಿ ತಾನು ಒತ್ತಿಕೊಂಡು ಕೂತಳು. ಜೊತೆಗೆ ಬಂದಿದ್ದ ಅಪ್ಪ ಬಾಗಿಲ ಬಳಿ ಯಾರದೋ ಜೊತೆ ಬೆಲ್ಲದ ಮಾತಿಗೆ ತೊಡಗಿದ್ದರು. ಗಾಡಿ ಹೊರಟು, ಊರು ಸರಿದು, ನಮ್ಮದೇ ಹಿಪ್ಪುನೇರಳೆ ತೋಟ ಹತ್ತಿರವಾಗತೊಡಗಿತು. ಅದು ಹಳಿಯ ಪಕ್ಕದಲ್ಲೇ ಇತ್ತು. ದೂರದಿಂದಲೇ ನನಗೆ ಕಂಡಿತು. ಮಂಜಿನಲ್ಲಿ, ತಲೆಗೆ ಸೆರಗು ಸುತ್ತಿಕೊಂಡು, ಮಂಡಿ ನೋವಿನ ನಮ್ಮಜ್ಜಿ ಬಗ್ಗಿ ಸೊಪ್ಪು ಬಿಡಿಸುತ್ತಿದ್ದಳು. ಪಕ್ಕದಲ್ಲಿ ಜುಲೇಕಾಬಿ ಕುಕ್ಕೆ ಹಿಡಿದು ನಿಂತಿದ್ದಳು. ಜ್ವರ ಬರುತ್ತದೆಂದು ನಾವು ಹಿಂದಿನ ದಿನ ಹೆಚ್ಚಿಗೆ ಸೊಪ್ಪು ತಂದಿಟ್ಟಿರಲಿಲ್ಲ. ನಾನು ತಟ್ಟನೆ ಎದ್ದು ಎರಡು ಕೈಯಿಂದಲೂ ಮರದ ಕಿಟಕಿಯನ್ನು ಕೆಳಗೆ ಎಳೆದುಬಿಟ್ಟೆ. ಇಂಜಿನ್ನಿನ ಕರಿ ಕಣ್ಣಿಗೆ ಬಿತ್ತು ಅಂದೆ. ಅವ್ವ ಸೆರಗಿನ ತುದಿಯಿಂದ ನನ್ನ ಕಣ್ಣು ಒರೆಸಿದಳು. ಕಣ್ಣಿನಲ್ಲಿ ಏನೂ ಇರಲಿಲ್ಲ.

ಆಟದ ಬಗ್ಗೆ ಬಹಳ ಹೇಳಲಾರೆ. ನಂಜನಗೂಡಿನಲ್ಲಿ ಮಾವ ಹತ್ತಿಕೊಂಡ, ಮೈಸೂರಿನಲ್ಲಿ ಜಟಕಾ ಮಾಡಿದೆವು, ಕೆಂಪು ಪರದೆ ಎದ್ದಿತು. ಉತ್ತು, ಬಿತ್ತು, ಮಳೆಗೆ ಕಾದು, ಸುಗ್ಗಿ ಮಾಡುವ ಒಂದು ಊರಿನ ಕತೆ. ನಿಜವಾಗಿ ಒಬ್ಬರೂ ಬಾಯಿ ತೆರೆಯಲಿಲ್ಲ, ಆದರೂ ಎಲ್ಲ ತಿಳಿಯಿತು. ನಡುವೆ ಒಂದು ಕಡೆ ದೀಪ ಮಂಕು ಮಾಡಿದರು. ವಾದ್ಯಗಳೆಲ್ಲ ನಿಂತವು. ಇಪ್ಪತ್ತು ಮೂವತ್ತು ಹುಡುಗಿಯರು ನಿಂತ ಕಡೆಯೇ ಕಾಲು ಅದುರಿಸತೊಡಗಿದರು, ಗೆಜ್ಜೆಯ ಸದ್ದಷ್ಟೇ. ಮಳೆ ಬಂತು ಎಂದು ಅದರ ಅರ್ಥ. ಸಭೆಯೆಲ್ಲ ಉಸಿರು ಬಿಗಿಹಿಡಿದಿತ್ತು. ನನ್ನ ಕಿವಿಗೆ ಬಿದ್ದದ್ದು ಮಾತ್ರ ಬಾಗಿಲ ಹಿಂದಿನ ಆ ಸರಸರ. ಬಿಕ್ಕಿ ಬಿಕ್ಕಿ ಅಳು ಬಂತು. ಅವ್ವ ನನ್ನ ತಲೆಯನ್ನು ತನ್ನ ತೋಳಿಗೆ ಒತ್ತಿಕೊಂಡಳು, ಕಣ್ಣು ಮಾತ್ರ ವೇದಿಕೆಯ ಮೇಲೇ ಇತ್ತು. ಸುಗ್ಗಿಯ ಕುಣಿತ ಬಂದಾಗ ಅವಳು ಬಾಯಿ ತೆರೆದು ನಕ್ಕಳು. ಅವಳ ಬಲಗಡೆಯ ಹಲ್ಲಿನ ಮೇಲೊಂದು ಹಲ್ಲು ಇತ್ತು. ನಾನು ಅದನ್ನು ಅವತ್ತೇ ಮೊದಲು ನೋಡಿದ್ದು.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆವು. ಅವ್ವ ಹೂ ಕಿತ್ತು ಜಗುಲಿಯ ಮೇಲಿಟ್ಟು, ಕಾಲು ತೊಳೆದು ನೇರ ಹುಳುವಿನ ಕೋಣೆಗೆ ಹೋದಳು. ನಾನೂ ಹಿಂದೆಯೇ ಹೋದೆ. ಒಳಗೆ ಒಂದು ಸದ್ದಿಲ್ಲ. ಲಾಂದ್ರ ಎತ್ತಿ ಹಿಡಿದರೆ, ತಟ್ಟೆ ತಟ್ಟೆಯಲ್ಲೂ ಹುಳುಗಳು ತಲೆಯೆತ್ತಿಕೊಂಡು, ಪೂಜೆಗೆ ಕೂತವರಂತೆ ಅಲ್ಲಾಡದೆ ಮಲಗಿದ್ದವು. ಅಬ್ಬಾ, ಗೋಡೆಗೆ ಒರಗಿ ಕೂತುಬಿಟ್ಟೆ. ಹೊರಗೆ ಅಜ್ಜಿ ಆಗತಾನೇ ಸ್ನಾನ ಮುಗಿಸಿ ಲಿಂಗಪೂಜೆಗೆ ಕೂತಿದ್ದಳು. ಅಡುಗೆಮನೆಯಲ್ಲಿ ಅವ್ವ ಬೆಳಿಗ್ಗೆ ತಟ್ಟಿಟ್ಟಿದ್ದ ರೊಟ್ಟಿ, ಮುಚ್ಚಿದ ತಟ್ಟೆಯಡಿ ಹಾಗೆಯೇ ಇತ್ತು. ಬೆಳಗಿನ ಪೂಜೆ ಆಗಿರಲಿಲ್ಲ. ಅಂದರೆ ದಿನವಿಡೀ ನೀರೂ ಇಲ್ಲ. ಅವ್ವ ಆ ತಟ್ಟೆಯನ್ನು ನೋಡಿದಳು. ಅಜ್ಜಿಯ ಹೆಬ್ಬೆರಳಿನ ಉಗುರಿಗೆ ಹತ್ತಿದ್ದ ಸೊಪ್ಪಿನ ಕರೆಯನ್ನೂ ನೋಡಿದಳು. ಒಲೆ ಹೊತ್ತಿಸಿ ಬಿಸಿ ಮುದ್ದೆ ತೊಳಸಿದಳು, ಬಡಿಸಿ, ಅಜ್ಜಿ ಉಣ್ಣುವ ತನಕ ಎದುರಿಗೇ ಕೂತಳು. ಆಮೇಲೆ ಹರಳೆಣ್ಣೆ ಬಿಸಿ ಮಾಡಿ ತಂದು ಅಜ್ಜಿಯ ಮಂಡಿಗೆ ತಿಕ್ಕತೊಡಗಿದಳು. ಕತೆ ಏನಿತ್ತು ಎಂದು ಅಜ್ಜಿ ಕೇಳಿದಳು. ಅವ್ವ ಹೇಳತೊಡಗಿದಳು. ನನಗೆ ನಿದ್ದೆ ಹತ್ತುವ ತನಕ ಹೇಳುತ್ತಲೇ ಇದ್ದಳು.

ಆ ಬೆಳೆ ಚೆನ್ನಾಗಿಯೇ ಬಂತು. ಅಜ್ಜಿ ಅದಾದ ಆರು ವರ್ಷಕ್ಕೆ ಹೋದಳು. ಹುಳು ಸಾಕುವುದು ನಿಂತಿತು, ಮನೆ ಕೈ ಬದಲಾಯಿತು, ಹಿಪ್ಪುನೇರಳೆಯ ತೋಟದಲ್ಲಿ ಈಗ ಸಾಲು ಮನೆಗಳಿವೆ. ನನಗೆ ಮಾತ್ರ ಆ ಕಿಟಕಿ ಎಳೆದದ್ದು ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು. ಅವ್ವನಿಗೆ ಮೋಸ ಮಾಡಿದೆ, ಅಜ್ಜಿಯನ್ನು ಹಸಿವಿನಲ್ಲಿ ದುಡಿಯಲು ಬಿಟ್ಟು ಆಟ ನೋಡಿದೆ ಅನ್ನಿಸುತ್ತಿತ್ತು. ಅವ್ವನಿಗೆ ವಯಸ್ಸಾಗಿ ನನ್ನ ಮನೆಗೆ ಬಂದು ಇದ್ದಾಗ, ಇದೇ ತೇಗದೆಲೆಗಳ ಮೇಲೆ ಒಂದು ಮಧ್ಯಾಹ್ನ ಹನಿ ಬೀಳುತ್ತಿತ್ತು. ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಅವ್ವ ಆ ಮೇಲುಹಲ್ಲು ಕಾಣುವ ಹಾಗೆ ನಕ್ಕಳು.

"ಬಾಗ್ಲ ಈಚೆ ನಿಂತ್ಕಂಡು ನಾನೂ ಕೇಳ್ದೆ ಕಣಮ್ಮಿ, ಉಳ ತಿಂತಿದ್ದೊ. ನೀ ಕಿಟ್ಕಿ ಎಳ್ಯಕ್ ಮುಂಚೇನೇ ತೋಟ್ದಲ್ಲಿ ಅವ್ರ ನೋಡ್ದೆ. ತಂಗಿ ಮದ್ವೆಗೆ ಕಳಿಸ್ನಿಲ್ಲ, ತಪ್ಪಾಯ್ತು ಅಂತ ಬಾಯ್ಬುಟ್ಟು ಅನ್ನೋ ಎಂಗ್ಸಲ್ಲ ಅವ್ರು. ಅವತ್ತು 'ಮನಗವೆ' ಅಂತ ಅದ್ನೇ ಅಂದ್ರು. ಬ್ಯಾಡ ಅನ್ನಕ್ಕಾದದಾ?"

ನಲವತ್ತು ವರ್ಷದ ಭಾರ ಇಳಿದು ನಾನೂ ನಕ್ಕುಬಿಟ್ಟೆ, ಅತ್ತುಬಿಟ್ಟೆ. ಈಗ ಅವ್ವನೂ ಇಲ್ಲ. ತೇಗದೆಲೆಯ ಮೇಲೆ ಹನಿ ನಿಂತು ಹಿತ್ತಲು ಸದ್ದಿಲ್ಲದಾದಾಗ, ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ನಿಂತ ಅಜ್ಜಿ ಕಾಣುತ್ತಾಳೆ. ನಾನು ಅವ್ವನಂತೆಯೇ "ಊ" ಅನ್ನುತ್ತೇನೆ, ಎದ್ದು ಸಂಜೆಯ ದೀಪ ಹಚ್ಚುತ್ತೇನೆ.