ಗೊಡ್ಡು ಎಂದವನು ನಾನು

ಶಿವಕ್ಕ, ನಿನ್ನ ಆಕಳು ಗೊಡ್ಡಾಗಿರಲಿಲ್ಲ. ಸತ್ತಿದ್ದು ನನ್ನ ಡಬ್ಬಿಯೊಳಗಿನ ಬೀಜ. ಅದು ನನಗೆ ಆಗಲೇ ಗೊತ್ತಿತ್ತು.

ಬರೆದುಬಿಟ್ಟೆ. ಎದೆ ಹಗುರಾಗಲಿಲ್ಲ, ಭಾರವೂ ಆಗಲಿಲ್ಲ.

ನಮ್ಮ ವಂಶದಲ್ಲಿ ಕುರಿಯ ಹಿಂದೆ ಹೋಗದೆ ಕಾಲೇಜಿಗೆ ಹೋದವನು ನಾನೊಬ್ಬನೇ. ಪಶುವೈದ್ಯನಾಗಿ ಬೀಳಗಿ ಕಡೆ ಬಂದ ವರ್ಷವೇ ಆ ಡಬ್ಬಿ ನನ್ನ ಕೈಗೆ ಬಂತು — ಜಾತಿ ಹೋರಿಯ ಬೀಜವನ್ನು ಸಣ್ಣ ಕಡ್ಡಿಗಳಲ್ಲಿ ತುಂಬಿ, ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಇಡುವ ಡಬ್ಬಿ. ಇನ್ನು ಊರಿಗೆ ಹೋರಿ ಬೇಡವೆಂದು ಭಾಷಣ ಮಾಡಿ, ನಿಮ್ಮೂರ ಹೋರಿಯ ಬೀಜ ಒಡೆಸಿ ಎತ್ತು ಮಾಡಿಸಿದವನೂ ನಾನೇ.

ಆ ಬೇಸಿಗೆ ನಮ್ಮೂರ ಬೀರಪ್ಪನ ಗುಡಿಯ ಮುಂದೆ ಬಳಗವೆಲ್ಲ ಸೇರಿದ್ದಾಗ ಡಬ್ಬಿ ಒಯ್ದೆ. ಬೂಚು ತೆಗೆದರೆ ಬಿಳಿ ಹೊಗೆ ಏಳುತ್ತದೆ, ನೋಡಬೇಕೆಂದರು. ಒಂದು ತಂಬಿಗೆಯಷ್ಟು ಸಾರಜನಕವನ್ನು ಕಲ್ಲಿನ ಮೇಲೆ ಸುರಿದೆ. ಹೊಗೆ ಅಂಗಳ ತುಂಬ ಹರಿಯಿತು. ತಡವಾಗಿ ಬಂದವರಿಗಾಗಿ ಮತ್ತೆ ಸುರಿದೆ.

"ನನ್ನ ಮಗ ಹೋರಿನ್ನ ಡಬ್ಬ್ಯಾಗ ಕಟ್ಟ್ಯಾನ್ರಿ. ಮೇವು ಬ್ಯಾಡ, ಹಗ್ಗ ಬ್ಯಾಡ," ಅಂದ ಅಪ್ಪ. ಎಲ್ಲರೂ ನಕ್ಕರು. ನಾನೂ...

ವಾರದ ಮೇಲೆ ಡಬ್ಬಿಗೆ ಅಳತೆಯ ಕೋಲು ಇಳಿಸಿದೆ. ಸಾರಜನಕ ಇದ್ದಷ್ಟು ಉದ್ದಕ್ಕೆ ಕೋಲಿಗೆ ಹಿಮ ಹತ್ತಬೇಕು. ಕೋಲು ಒಣಗಿಯೇ ಬಂತು. ಒಂದು ಕಡ್ಡಿ ಕತ್ತರಿಸಿ, ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಏನೂ ಅಲುಗಲಿಲ್ಲ.

ಹೊಸ ಕಡ್ಡಿ ಬೇಕೆಂದರೆ ಹಳೆಯವು ಯಾಕೆ ಸತ್ತವೆಂದು ಬರೆದುಕೊಡಬೇಕು. ಕುರಿ ಕಾಯುವವನ ಮಗ ಹೊಗೆ ಬಿಟ್ಟು ಆಟ ಆಡಿದ ಎಂದು ಕಚೇರಿಯಲ್ಲಿ ಆಡಿಕೊಳ್ಳುತ್ತಾರೆ — ಇಷ್ಟೇ. ಇಷ್ಟಕ್ಕೇ. ನಾಲ್ಕು ದಿನ ಬಿಟ್ಟು ಸಾರಜನಕದ ಗಾಡಿ ಬಂದಾಗ ಡಬ್ಬಿ ತುಂಬಿಸಿಕೊಂಡೆ. ಸತ್ತ ಬೀಜ ಮತ್ತೆ ಹೆಪ್ಪುಗಟ್ಟಿತು. ನೋಡಿದರೆ ಜೀವ ಇರುವ ಕಡ್ಡಿಯ ಹಾಗೆಯೇ.

ಅವನ್ನೇ ನಿನ್ನ ಆಕಳಿಗೆ ಹಾಕಿದೆ. ಬೇರೆಯವರ ಆಕಳುಗಳಿಗೂ. ನಿನ್ನದು ತವರಿನವರು ಕರುವಿದ್ದಾಗ ಕೊಟ್ಟಿದ್ದು, ಬಲಗಿವಿ ಸೀಳಿದ್ದು. ಇಪ್ಪತ್ತೊಂದು ದಿನಕ್ಕೊಮ್ಮೆ ಬೆದೆಗೆ ಬಂದಾಗ ನೀನು ಹರದಾರಿ ದೂರದಿಂದ ಅದನ್ನು ನನ್ನ ಆಸ್ಪತ್ರೆಗೆ ಹೊಡೆದುಕೊಂಡು ಬರುತ್ತಿದ್ದೆ. ಮೂರು ಸಲ ಬಂದೆ. ಮೂರು ಸಲವೂ ನಾನು ಬಿಸಿನೀರಿನಲ್ಲಿ ಕಡ್ಡಿ ಕರಗಿಸಿ, ಒರೆಸಿ, ಎಲ್ಲ ಕಲಿತ ಹಾಗೆಯೇ ಮಾಡಿದೆ — ಒಂದೂ ತಪ್ಪಿಲ್ಲದೆ.

ಮೂರನೆಯದೂ ನಿಲ್ಲದಾಗ ನಿನ್ನ ಅತ್ತೆ ಜೊತೆಗೆ ಬಂದಳು. ಇದು ಯಾಕೆ ಗಬ್ಬ ಆಗುತ್ತಿಲ್ಲವೆಂದು ಕೇಳಿದಳು. ನಿನಗೆ ಮದುವೆಯಾಗಿ ಹನ್ನೊಂದು ವರ್ಷ, ಮಕ್ಕಳಿಲ್ಲ ಎಂಬುದು ನನಗೆ ಗೊತ್ತಿತ್ತು. ಆ ಮನೆಯಲ್ಲಿ ನಿನ್ನನ್ನು ಏನೆಂದು ಕರೆಯುತ್ತಾರೆಂಬುದೂ... ಕೈ ಹಾಕಿ ಪರೀಕ್ಷಿಸಿದೆ. ಗರ್ಭಕೋಶ ಸರಿಯಾಗಿಯೇ ಇತ್ತು.

"ಇದು ಗೊಡ್ಡು ಐತಿ ಬೇ," ಅಂದೆ.

ಅತ್ತೆ ನಿನ್ನ ಕಡೆ ತಿರುಗಿದಳು. "ಗೊಡ್ಡಿ ಕೈಯಾಗ ಮೇದದ್ದು ಇನ್ನೇನ ಆಗತೈತಿ?"

ಆಕಳ ಬೆನ್ನ ಮೇಲಿದ್ದ ಕೈಯನ್ನು ನೀನು ತೆಗೆದೆ. ಮುಂದಿನ ಸಂತೆಯಲ್ಲೇ ಮುಧೋಳದಲ್ಲಿ ಅದನ್ನು ಮಾರಿದರು.

ಮರುವರ್ಷ ಲೋಕಾಪುರದ ಹತ್ತಿರ, ಈದ ಆಕಳಿಗೆ ಕರುವಿನ ಹಿಂದೆ ಬೀಳಬೇಕಾದ ಮಾಸ ಬಿದ್ದಿಲ್ಲವೆಂದು ನನ್ನನ್ನು ಕರೆಸಿದರು. ಬಲಗಿವಿ ಸೀಳಿತ್ತು.

"ಒಂದ ಸಲ ಹೋರಿ ಹತ್ತಿಸಿದ್ದು ನೋಡ್ರಿ ಸಾಹೇಬ್ರ, ನಿಂತಬಿಡ್ತು," ಅಂದ ಕೊಂಡವನು.

ಕರು ಕಾಲೂರಲು ನೋಡುತ್ತಿತ್ತು. ಛಲೋ ಆತು ಎಂದೆ. ಕೈ ತೊಳೆದುಕೊಂಡೆ. ವಾಪಸು ಬರುವ ಬಸ್ಸು ನಿಮ್ಮೂರ ಅಗಸಿ ಬಾಗಿಲ ಮುಂದೆ ನಿಂತಿತು. ಇಳಿಯಲಿಲ್ಲ — ಆ ದಿನವೂ ಇಲ್ಲ, ಆಮೇಲೂ ಇಲ್ಲ.

ನೀನು ಮತ್ತೆ ದನ ಕಟ್ಟಲಿಲ್ಲವಂತೆ. ಯಾರಾದರೂ ಕರು ಕೊಡುತ್ತೇನೆಂದರೆ, ನನ್ನ ಕೈ ಛಲೋ ಅಲ್ಲ ಅನ್ನುತ್ತೀಯಂತೆ. ಓಣಿಯಲ್ಲಿ ಯಾರ ಆಕಳು ಈದರೂ ಆ ಕಡೆ ಹಾಯುವುದಿಲ್ಲವಂತೆ.

ನಿನಗೆ ಓದಲು ಬಾರದು. ಬರೆಯುವುದು ಅದಕ್ಕೇ ಸುಲಭವಾಯಿತೋ ಏನೋ. ಸೋಮವಾರ ಬರುತ್ತೇನೆ. ನಿನ್ನ ಅತ್ತೆ ಈಗಿಲ್ಲ. ಅವಳ ಮುಂದೆ ಹೇಳಬೇಕಾಗಿದ್ದನ್ನು ಓಣಿಯ ಮುಂದೆ ಹೇಳುತ್ತೇನೆ — ಕೆಟ್ಟ ಕೈ ನಿನ್ನದಲ್ಲ, ನನ್ನದು ಎಂದು.