ಹಳದಿ ಗೆರೆಯೊಳಗಿನ ಹಿಡಿಯಕ್ಕ

ಬೆಳಗಿನ ಆರೂವರೆ. ಸಾರ್ವಜನಿಕ ಗ್ರಂಥಾಲಯದ ಹಿಂಬಾಗಿಲು ತೆರೆದು ಒಬ್ಬ ಹೆಂಗಸು ಒಳಗೆ ಬರುತ್ತಾರೆ. ಕೈಚೀಲವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಚಪ್ಪಲಿ ಬಿಟ್ಟು, ಮೊದಲ ಮಹಡಿಯ ಮೂಲೆಯ ಕೋಣೆಗೆ ಹೋಗಿ ದೀಪ ಹಾಕುತ್ತಾರೆ. ಆ ಕೋಣೆಯಲ್ಲಿ ಒಂದು ಪುಸ್ತಕವೂ ಇಲ್ಲ, ಒಂದು ಕುರ್ಚಿಯೂ ಇಲ್ಲ. ನೆಲದ ಮೇಲೆ ಹಳದಿ ಬಣ್ಣದಲ್ಲಿ ಬರೆದ ಎರಡು ದೊಡ್ಡ ವೃತ್ತಗಳಿವೆ. ನೆಲ ಒರೆಸಿ, ಅದು ಆರುವವರೆಗೆ ಕಾದು, ಆಮೇಲೆ ಅವರು ಬರಿಗಾಲಲ್ಲಿ ಒಂದೊಂದು ವೃತ್ತದೊಳಗೂ ಕಣ್ಣು ಮುಚ್ಚಿಕೊಂಡು ನಿಧಾನವಾಗಿ ಸುತ್ತು ಹಾಕುತ್ತಾರೆ. ಎರಡನೆಯ ವೃತ್ತದಲ್ಲಿ ಕಾಲು ನಿಲ್ಲುತ್ತದೆ. ಅಂಗಾಲಿಗೆ ಅಂಟಿದ್ದನ್ನು ಬೆರಳ ತುದಿಯಿಂದ ತೆಗೆದು ದೀಪಕ್ಕೆ ಹಿಡಿಯುತ್ತಾರೆ. ಸಾಸಿವೆ ಕಾಳಿನಷ್ಟೂ ಇಲ್ಲದ ಒಂದು ಕಲ್ಲಿನ ಚೂರು.

"ಕಣ್ಣಿಗೆ ಇದು ಕಾಣಲ್ಲ. ಕಣ್ಣು ಮುಚ್ಕೊಂಡು ನಿಂತೋರ ಕಾಲಿಗೆ ಮಾತ್ರ ಇದೇ ಬಂಡೆ," ಎಂದು ಹೇಳಿ ಅದನ್ನು ಕಿಟಕಿಯಾಚೆ ಹಾಕುತ್ತಾರೆ.

ಇಲ್ಲಿಗೆ ಬರುವ ಮಕ್ಕಳು ಅವರಿಗೆ ಇಟ್ಟ ಹೆಸರು ಹಿಡಿಯಕ್ಕ. ಈಗ ದೊಡ್ಡವರೂ ಹಾಗೆಯೇ ಕರೆಯುತ್ತಾರೆ. ವಯಸ್ಸು ಐವತ್ತೊಂದು. ಗ್ರಂಥಾಲಯದ ಈ ಕೋಣೆಗೆ ಬಂದವರು ದಪ್ಪ ಕನ್ನಡಕದಂಥ ಹೆಡ್‌ಸೆಟ್ ಒಂದನ್ನು ತಲೆಗೆ ಕಟ್ಟಿಕೊಳ್ಳುತ್ತಾರೆ. ಕಟ್ಟಿಕೊಂಡ ಕೂಡಲೇ ಗೋಡೆ, ನೆಲ, ಪಕ್ಕದಲ್ಲಿರುವವರು ಎಲ್ಲ ಮಾಯ. ಸುತ್ತ ಕಡಲಿನ ಆಳವೋ ಹಿಮ ಕವಿದ ಶಿಖರವೋ ತೆರೆದುಕೊಳ್ಳುತ್ತದೆ. ತಲೆ ಎತ್ತಿದರೆ ಆಕಾಶ, ಬಗ್ಗಿದರೆ ಪ್ರಪಾತ. ನಿಜವಲ್ಲವೆಂದು ಬುದ್ಧಿಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ಹಾಗೆ ಕಾಲು ಮೋಸಹೋದಾಗ ಮನುಷ್ಯರು ಬೀಳದಂತೆ ಹಿಡಿಯುವುದೇ ಹಿಡಿಯಕ್ಕನ ಕೆಲಸ.

ಒಂದು ಸಲಕ್ಕೆ ಇಬ್ಬರು, ತಲಾ ಏಳು ನಿಮಿಷ. ವಾರದ ದಿನಗಳಲ್ಲಿ ಸುಮಾರು ಐವತ್ತು ಜನ, ರಜಾದಿನಗಳಲ್ಲಿ ಎಪ್ಪತ್ತು. ಹನ್ನೊಂದರಿಂದ ಐದರವರೆಗೆ, ಊಟದ ಅರ್ಧ ಗಂಟೆ ಬಿಟ್ಟರೆ, ಎರಡು ವೃತ್ತಗಳ ನಡುವೆ ಅವರು ನಿಂತೇ ಇರುತ್ತಾರೆ. ಐವತ್ತು ಜನರಲ್ಲಿ ನಾಲ್ಕೈದು ಮಂದಿ ತೂಗಾಡುತ್ತಾರೆ, ಒಬ್ಬಿಬ್ಬರು ಬಿದ್ದೇ ಬಿಡುವಂತಾಗುತ್ತಾರೆ. ಅವರು ಈ ಕೆಲಸಕ್ಕೆ ನಿಂತು ಎರಡು ವರ್ಷ ನಾಲ್ಕು ತಿಂಗಳಾಯಿತು. ಕೋಣೆಯ ಹಾಜರಿ ಪುಸ್ತಕದ ಪ್ರಕಾರ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಬಂದು ಹೋಗಿದ್ದಾರೆ. ಒಬ್ಬರ ಮೊಣಕಾಲೂ ನೆಲಕ್ಕೆ ತಾಗಿಲ್ಲ.

ಯಾರು ಬೀಳುತ್ತಾರೆಂದು ಮೊದಲೇ ಹೇಗೆ ತಿಳಿಯುತ್ತದೆ ಎಂದು ಕೇಳಿದರೆ ನಗುತ್ತಾರೆ. "'ನಂಗೇನೂ ಆಗಲ್ಲ, ನನ್ನ ಹಿಡ್ಕೋಬೇಡಿ' ಅಂತ ಯಾರಂತಾರೋ, ಅವ್ರ ಹಿಂದೆ ಒಂದು ಹೆಜ್ಜೆ ಹತ್ರ ನಿಲ್ತೀನಿ."

ಉಳಿದದ್ದನ್ನು ಪಾದಗಳು ಹೇಳುತ್ತವೆ. ಕಡಲಿನ ಚಿತ್ರದಲ್ಲಿ ಮೂರನೆಯ ನಿಮಿಷಕ್ಕೆ ಎಲ್ಲರ ಭಾರವೂ ಹಿಮ್ಮಡಿಗೆ ಬೀಳುತ್ತದೆ. ಅದು ತಿಮಿಂಗಿಲ ಎದುರು ಬರುವ ಹೊತ್ತು. ಬೆಟ್ಟದ ಚಿತ್ರದಲ್ಲಿ ಕೊನೆಯ ನಿಮಿಷಕ್ಕೆ ಕಾಲ್ಬೆರಳುಗಳು ನೆಲವನ್ನು ಕಚ್ಚಿ ಹಿಡಿಯುತ್ತವೆ. ಹೀಗೆ ಪ್ರತಿ ಚಿತ್ರವೂ ಹಿಡಿಯಕ್ಕನಿಗೆ ನಿಮಿಷ ನಿಮಿಷವಾಗಿ ಬಾಯಿಪಾಠ. ಆದರೆ ಅವರು ಇವುಗಳಲ್ಲಿ ಒಂದನ್ನೂ ಪೂರ್ತಿ ಕಂಡಿಲ್ಲ. ಮೊದಲ ವಾರ ಗ್ರಂಥಪಾಲಕಿಯ ಒತ್ತಾಯಕ್ಕೆ ಒಮ್ಮೆ ಹೆಡ್‌ಸೆಟ್ ಹಾಕಿಕೊಂಡರು. ಒಂದು ನಿಮಿಷವೂ ಆಗಿರಲಿಲ್ಲ, ತಲೆ ಗಿರ್ರೆಂದಿತು. ಆ ದಿನವೆಲ್ಲ ಕಪಾಟುಗಳ ಹಿಂದಿನ ಬೆಂಚಿನ ಮೇಲೆ ಮಲಗಿದ್ದಾಯಿತು.

ತಲೆಸುತ್ತು ಅವರಿಗೆ ಹೊಸದಲ್ಲ. ಇಲ್ಲಿಗೆ ಬರುವ ಮೊದಲು ಹತ್ತೊಂಬತ್ತು ವರ್ಷ ಒಂದು ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಆಯಾ ಆಗಿದ್ದರು. ಸೊಂಟಕ್ಕೆ ಶಸ್ತ್ರಚಿಕಿತ್ಸೆ ಆದವರನ್ನು ಮೊದಲ ಸಲ ಮಂಚದಿಂದ ಇಳಿಸಿ ನಡೆಸುವುದು ಅವರ ಪಾಲಿನ ಕೆಲಸ. ಅಲ್ಲಿ ಕಡೆಯ ವರ್ಷ ತಲೆಸುತ್ತು ಶುರುವಾಯಿತು. ಒಂದು ದಿನ ರೋಗಿಯನ್ನು ನಡೆಸುತ್ತಿದ್ದಾಗಲೇ ಕಣ್ಣು ಕತ್ತಲಿಟ್ಟಿತು. ಹಿಡಿದ ಕೈ ಬಿಡಲಿಲ್ಲ. ಬೆನ್ನನ್ನು ಗೋಡೆಗೆ ಕೊಟ್ಟು, ರೋಗಿಯನ್ನು ಮಡಿಲಿಗೆ ಒರಗಿಸಿಕೊಂಡು, ಇಬ್ಬರೂ ಮೆಲ್ಲಗೆ ಜಾರಿ ಕುಳಿತರು. ಯಾರಿಗೂ ಪೆಟ್ಟಾಗಲಿಲ್ಲ. ಕಿವಿಯ ಒಳಭಾಗದ ತೊಂದರೆ ಎಂದರು ಡಾಕ್ಟರು. ಮಾತ್ರೆ, ಕತ್ತಿನ ವ್ಯಾಯಾಮಗಳಿಂದ ಅದು ಹತೋಟಿಗೆ ಬಂತು. ಅಷ್ಟರಲ್ಲಿ ಆಸ್ಪತ್ರೆಗೆ ಆಯಾಗಳನ್ನು ಒದಗಿಸುವ ಗುತ್ತಿಗೆ ಬೇರೆಯವರ ಕೈಗೆ ಹೋಯಿತು. ಹೊಸಬರಿಗೆ ನಲವತ್ತು ದಾಟಿದವರು ಬೇಡವಾಗಿತ್ತು. ಮೂರು ತಿಂಗಳು ಮನೆಯಲ್ಲಿ ಕುಳಿತು, ಆಮೇಲೆ ಗ್ರಂಥಾಲಯದ ನೆಲ ಒರೆಸುವ ಕೆಲಸಕ್ಕೆ ಸೇರಿದರು.

ಆಗಿನ್ನೂ ಈ ಕೋಣೆಗೆ ಆರು ತಿಂಗಳು. ನಿವೃತ್ತಿಗೆ ಮೂರು ವರ್ಷ ಉಳಿದಿದ್ದ ಗ್ರಂಥಪಾಲಕಿ ಎರಡು ವರ್ಷ ಕಚೇರಿಯಿಂದ ಕಚೇರಿಗೆ ಅಲೆದು ಇದನ್ನು ಮಾಡಿಸಿದ್ದರು. ಪುಸ್ತಕ ಮುಟ್ಟದ ಮಕ್ಕಳೂ ಕಡಲು ನೋಡಲು ಬಂದು, ಕೆಳಗಿಳಿಯುವಾಗ ಕಡಲಿನ ಪುಸ್ತಕ ಕೇಳುತ್ತಿದ್ದರು. ಹೀಗಿರುವಾಗ ಒಂದು ದಿನ ಅರವತ್ತಾರು ವರ್ಷದ ನಿವೃತ್ತ ಮೇಷ್ಟ್ರೊಬ್ಬರು ಬೆಟ್ಟದ ತುದಿಯಿಂದ ಇಣುಕಲು ಹೋಗಿ, ನಿಜದ ನೆಲಕ್ಕೆ ಬಿದ್ದು ಮಣಿಕಟ್ಟು ಮುರಿದುಕೊಂಡರು. ಕೋಣೆಗೆ ಬೀಗ ಬಿತ್ತು. ಎಲ್ಲರನ್ನೂ ಕುರ್ಚಿಯಲ್ಲಿ ಕೂರಿಸಿ, ಇಲ್ಲವೇ ಮುಚ್ಚಿಬಿಡಿ ಎಂದು ಮೇಲಿನಿಂದ ಪತ್ರ ಬಂತು. ಕುರ್ಚಿಯನ್ನೂ ಪರೀಕ್ಷಿಸಿದರು. ಹಿಂದೆ ಏನಿದೆ ಎಂದು ತಿರುಗುವ ಭರದಲ್ಲಿ ಜನ ಕುರ್ಚಿ ಸಮೇತ ಮಗುಚಿಕೊಳ್ಳುವಂತಾಯಿತು.

ಹನ್ನೊಂದನೆಯ ದಿನ ಗ್ರಂಥಪಾಲಕಿ ಆ ಪತ್ರ ಮುಂದಿಟ್ಟುಕೊಂಡು ಕುಳಿತಿದ್ದಾಗ, ಬಾಗಿಲ ಬಳಿ ನೆಲ ಒರೆಸುತ್ತಿದ್ದ ಹೆಂಗಸು ಕೋಲನ್ನು ಗೋಡೆಗೆ ಆನಿಸಿ ಒಳಗೆ ಬಂದರು.

"ಮೇಡಂ, ಒಂದು ವಾರ ನಾನು ಪಕ್ಕದಲ್ಲಿ ನಿಂತ್ಕೊಳ್ತೀನಿ. ಒಬ್ರು ಬಿದ್ರೂ ಆಮೇಲೆ ಮುಚ್ಚಿಬಿಡಿ."

ಗ್ರಂಥಪಾಲಕಿ ಅದನ್ನು ಈಗಲೂ ಸಂಕೋಚದಿಂದಲೇ ನೆನೆಯುತ್ತಾರೆ. "ಅವ್ರು ನೆಲ ಒರೆಸೋರು ಅಂತ ಮಾತ್ರ ನಂಗೆ ಗೊತ್ತಿತ್ತು. ಅದಕ್ಕೆ ಮೊದ್ಲು ಏನ್ ಮಾಡ್ತಿದ್ರು ಅಂತ ಒಂದು ದಿನವೂ ಕೇಳಿರ್ಲಿಲ್ಲ."

ಆ ವಾರ ಯಾರೂ ಬೀಳಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಅಪರಿಚಿತರ ಮೈ ಮುಟ್ಟುವುದು ಬಂದವರಿಗೂ ಮುಜುಗರ, ತನಗೂ ಮುಜುಗರ ಎಂದು ಹಿಡಿಯಕ್ಕ ಒಂದು ಉಪಾಯ ಮಾಡಿದರು. ಗ್ರಂಥಾಲಯ ಬಿಸಾಕಿದ್ದ ಹಳೆಯ ಪರದೆಯನ್ನು ನಾಲ್ಕು ಪದರ ಮಡಚಿ, ಅಗಲವಾದ ಪಟ್ಟಿ ಹೊಲಿದರು. ಅದರ ಬೆನ್ನಿಗೆ ಹರಿದ ಶಾಲಾ ಚೀಲದ ಹಿಡಿ ಜೋಡಿಸಿದರು. ಬಂದವರ ಸೊಂಟಕ್ಕೆ ಪಟ್ಟಿ ಕಟ್ಟಿದರೆ ಮುಗಿಯಿತು, ಹಿಡಿಯುವುದು ಚೀಲದ ಹಿಡಿಯನ್ನು. ಆಸ್ಪತ್ರೆಯಲ್ಲಿ ಕಲಿತ ನಿಯಮವೊಂದನ್ನು ಮಾತ್ರ ಬಿಟ್ಟಿಲ್ಲ. ಮುಟ್ಟುವ ಮೊದಲು ಬಾಯಲ್ಲಿ ಹೇಳಬೇಕು. ಕಣ್ಣು ಕಾಣದವರನ್ನು ಹೇಳದೆ ಮುಟ್ಟಿದರೆ, ಬೀಳದವರೂ ಬೆಚ್ಚಿ ಬೀಳುತ್ತಾರೆ.

ಮನೆಯಲ್ಲಿ ಈ ಕೆಲಸವನ್ನು ಅರ್ಥ ಮಾಡಿಸುವುದು ಇಷ್ಟು ಸುಲಭವಾಗಲಿಲ್ಲ. ಕಂಡವರ ಸೊಂಟ ಹಿಡಿಯುವುದು ಎಂಥ ಕೆಲಸ ಎಂದು ಅತ್ತೆ ಒಂದು ವರ್ಷ ಮುಖ ಗಂಟಿಕ್ಕಿಕೊಂಡೇ ಇದ್ದರು. ಟೆಂಪೊ ಓಡಿಸುವ ಗಂಡ ಒಂದು ಭಾನುವಾರ ಸುಮ್ಮನೆ ನೋಡಿಬರುತ್ತೇನೆಂದು ಬಂದು, ತಿಮಿಂಗಿಲಕ್ಕೆ ಹೆದರಿ ಹೆಂಡತಿಯ ತೋಳನ್ನೇ ಗಟ್ಟಿಯಾಗಿ ಅವುಚಿಕೊಂಡರು. ಆಮೇಲೆ ಅವರೇ ತಾಯಿಗೆ ಸಮಾಧಾನ ಹೇಳಿದರು. ಕಾಲೇಜಿನ ಅರ್ಜಿಯಲ್ಲಿ ತಾಯಿಯ ಉದ್ಯೋಗ ಏನೆಂದು ಬರೆಯಲಿ ಎಂದು ಮಗಳು ಕೇಳಿದಳು. ಕಡತದಲ್ಲಿ ಅವರು ಇಂದಿಗೂ 'ಸ್ವಚ್ಛತಾ ಸಿಬ್ಬಂದಿ'. ಮಗಳು ಅದನ್ನೇ ಬರೆದಳು.

ಕಳೆದ ವರ್ಷ ಗ್ರಂಥಾಲಯ ತನ್ನದೇ ಆದ ಚಿತ್ರವೊಂದನ್ನು ಮಾಡಲು ಹೊರಟಿತು. ಅರವತ್ತು ವರ್ಷದ ಹಿಂದೆ ಊರಿನ ಹೊಳೆಗೆ ಸೇತುವೆ ಬಂದಾಗ ದೋಣಿ ನಿಲ್ಲುವ ಒಂದು ರೇವು, ಅದರ ಪಕ್ಕದ ಬೀದಿ ಎರಡೂ ಇಲ್ಲವಾಗಿದ್ದವು. ಹಳೆಯ ಫೋಟೊಗಳನ್ನು ಕಲೆಹಾಕಿ, ವಯಸ್ಸಾದವರ ಮಾತುಗಳನ್ನು ಧ್ವನಿಮುದ್ರಿಸಿಕೊಂಡು, ಡಿಜಿಟಲ್ ವಿಭಾಗದ ಗಡ್ಡದ ತಂತ್ರಜ್ಞ ಐದು ತಿಂಗಳು ಕೂತು ಆ ಬೀದಿಯನ್ನು ಮತ್ತೆ ಕಟ್ಟಿದರು. ಉದ್ಘಾಟನೆಗೆ ಎರಡು ವಾರವಿದ್ದಾಗ ಇಪ್ಪತ್ತನಾಲ್ಕು ಜನರನ್ನು ಕರೆಸಿ ಪರೀಕ್ಷೆ ನಡೆಸಿದರು. ನಾಲ್ಕನೆಯ ನಿಮಿಷಕ್ಕೆ ಸರಿಯಾಗಿ ಒಬ್ಬರಾದ ಮೇಲೊಬ್ಬರು ಮುಗ್ಗರಿಸತೊಡಗಿದರು. ಹಿಡಿಯಕ್ಕನಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಚಿತ್ರದ ವೇಗ ಹೆಚ್ಚಾಯಿತೇನೋ ಎಂದು ತಂತ್ರಜ್ಞ ಮೂರು ಸಲ ಅದನ್ನು ಕಡಿಮೆ ಮಾಡಿದರು. ಮುಗ್ಗರಿಸುವುದು ನಿಲ್ಲಲಿಲ್ಲ.

ಅಂದು ಸಂಜೆ ಹಿಡಿಯಕ್ಕ ಅವರನ್ನು ಕರೆದು ನೆಲ ತೋರಿಸಿದರು. ಯಾರ ಕಾಲು ಎಲ್ಲಿ ತಪ್ಪಿತೋ ಅಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿದ್ದರು. ಎರಡೂ ವೃತ್ತ ಸೇರಿ ಇಪ್ಪತ್ತೆರಡು ಗುರುತು, ಒಂದೊಂದರಲ್ಲೂ ಎಲ್ಲವೂ ಒಂದು ಗೇಣಿನೊಳಗೆ. ಎಲ್ಲರೂ ಬಲಗಾಲನ್ನು ಮುಂದಿಟ್ಟು ಕೆಳಗೆ ಏನನ್ನೋ ಹುಡುಕುತ್ತಾರೆ, ತಪ್ಪು ವೇಗದ್ದಲ್ಲ ಎಂದರು. ತಂತ್ರಜ್ಞ ನಿದ್ದೆಗೆಟ್ಟು ಬೇಸತ್ತಿದ್ದರು.

"ಅಕ್ಕಾ, ನೀವು ಇದನ್ನ ನೋಡೇ ಇಲ್ಲ."

"ನೋಡಿಲ್ಲ ತಮ್ಮಾ. ಇಪ್ಪತ್ನಾಲ್ಕು ಜನದ ಕಾಲು ನೋಡಿದೀನಿ. ಅಲ್ಲಿ ಇಳಿಯೋ ಮೆಟ್ಟಿಲು ಇದ್ಯಾ?"

ಇತ್ತು. ಬೀದಿಯ ಕೊನೆಯಲ್ಲಿ ನೀರಿಗೆ ಇಳಿಯುವ ಹದಿಮೂರು ಕಲ್ಲಿನ ಮೆಟ್ಟಿಲುಗಳು. ಕಣ್ಣಿಗೆ ಮೆಟ್ಟಿಲು ಕಂಡೊಡನೆ ಕಾಲು ತಾನಾಗಿ ಇಳಿಯಲು ಹೋಗುತ್ತಿತ್ತು. ಕೋಣೆಯ ನೆಲ ಮಾತ್ರ ಸಪಾಟು. ಮೆಟ್ಟಿಲು ತೆಗೆದುಹಾಕುವುದು ಸುಲಭದ ದಾರಿಯಾಗಿತ್ತು. ತಂತ್ರಜ್ಞ ಒಪ್ಪಲಿಲ್ಲ. ಧ್ವನಿಮುದ್ರಣಕ್ಕೆ ಮಾತಾಡಿದ ಮುದುಕರೆಲ್ಲ ನೆನಪಿಸಿಕೊಂಡಿದ್ದು ಆ ಹದಿಮೂರು ಮೆಟ್ಟಿಲುಗಳನ್ನೇ. ಹಾಗಾದರೆ ಜನರನ್ನು ಒಳಗೆ ಬಿಡುವುದು ಬೇಡ ಎಂದು ಹಿಡಿಯಕ್ಕನೂ ಪಟ್ಟು ಹಿಡಿದರು. ಎರಡು ದಿನ ಇಬ್ಬರ ನಡುವೆ ಮಾತಿಲ್ಲ.

ಮೂರನೆಯ ದಿನ ಹಿಡಿಯಕ್ಕ ಉಗ್ರಾಣದಿಂದ ಒಂದು ಹಳೆಯ ಏಣಿಯನ್ನು ದರದರನೆ ಎಳೆದು ತಂದರು. ಮೇಲಿನ ಕಪಾಟಿನ ಪುಸ್ತಕ ತೆಗೆಯಲು ಹಿಂದೆ ಬಳಸುತ್ತಿದ್ದ, ಪಕ್ಕಕ್ಕೆ ಮರದ ಕೈಹಿಡಿ ಇರುವ ಏಣಿ. ಅದರ ಕೈಹಿಡಿಯನ್ನು ತಟ್ಟಿ ತೋರಿಸಿದರು.

"ಆಸ್ಪತ್ರೇಲೂ ಹೀಗೇ. ಕೈಗೆ ಏನಾದ್ರೂ ಸಿಕ್ಕಿದ್ರೆ ಕಾಲು ಹುಡುಕೋದು ಬಿಡತ್ತೆ."

ತಂತ್ರಜ್ಞ ಆ ಕೈಹಿಡಿಯನ್ನು ತಾವೂ ಹಿಡಿದು ನೋಡಿದರು. ಆಮೇಲೆ ಬಡಗಿಯನ್ನು ಕರೆಸಿ, ಕೈಹಿಡಿಯನ್ನು ಬಿಚ್ಚಿಸಿ, ಎರಡೂ ವೃತ್ತಗಳಿಗೆ ಒಂದೊಂದರಂತೆ ತುಂಡು ಮಾಡಿಸಿ, ಸೊಂಟದೆತ್ತರಕ್ಕೆ ಭದ್ರವಾಗಿ ನಿಲ್ಲಿಸಿದರು. ಅದರ ಅಳತೆ ತೆಗೆದುಕೊಂಡು ಚಿತ್ರದ ಮೆಟ್ಟಿಲ ಪಕ್ಕದಲ್ಲೂ ಅಂಥದ್ದೇ ಕೈಹಿಡಿ ಬರೆದರು. ಈಗ ಚಿತ್ರದಲ್ಲಿ ಕಂಡದ್ದಕ್ಕೆ ಕೈ ಚಾಚಿದರೆ ನಿಜದ ಮರ ಸಿಗುತ್ತದೆ. ಅದೇ ಇಪ್ಪತ್ತನಾಲ್ಕು ಜನರನ್ನು ಮತ್ತೆ ಕರೆಸಿದರು. ಕಾಲೆತ್ತಿದವರು ಒಬ್ಬರು ಮಾತ್ರ.

ಉದ್ಘಾಟನೆಯ ದಿನ ಬಂದ ಗಣ್ಯರ ಹೆಸರು ಹಿಡಿಯಕ್ಕನಿಗೆ ನೆನಪಿಲ್ಲ. ಎಂಬತ್ತರ ಸಮೀಪದ ಒಬ್ಬ ಮುದುಕರು ನೆನಪಿದ್ದಾರೆ. ಚಿಕ್ಕಂದಿನಲ್ಲಿ ಆ ಮೆಟ್ಟಿಲಿಳಿದು ದೋಣಿ ಹತ್ತಿ ಶಾಲೆಗೆ ಹೋಗುತ್ತಿದ್ದವರು. ಎಣಿಸುತ್ತಾ ಇಳಿದರಂತೆ, ತುಟಿ ಅಲ್ಲಾಡುತ್ತಿತ್ತಂತೆ.

"ಏಳು ನಿಮಿಷ ಮುಗಿದ್ಮೇಲೂ ಕೈಹಿಡಿ ಬಿಡ್ಲಿಲ್ಲ. ಹೆಡ್‌ಸೆಟ್ ತೆಗೀರಿ ಅಂತ ಹಿಂದಿನೋರು ಗೊಣಗ್ತಿದ್ರು. ನಾನು ತೆಗೀಲಿಲ್ಲ. ಅವ್ರು ಬೀಳ್ತಿರ್ಲಿಲ್ಲ, ಆದ್ರೂ ಪಟ್ಟಿ ಹಿಡ್ಕೊಂಡೇ ನಿಂತಿದ್ದೆ."

ಇಷ್ಟೆಲ್ಲ ಆದರೂ ಹಿಡಿಯಕ್ಕನಿಗೆ ಒಂದು ಕೊರಗಿತ್ತು. ಅವರಿಲ್ಲದ ದಿನ ಕೋಣೆ ತೆರೆಯುವಂತಿರಲಿಲ್ಲ. ಈ ವರ್ಷದ ಆರಂಭದಲ್ಲಿ ಅತ್ತೆ ನಾಲ್ಕು ದಿನ ಆಸ್ಪತ್ರೆ ಸೇರಿದಾಗ ರಜಾ ಹಾಕಿದರು. ಕೋಣೆಗೆ ಬೀಗ. ದೂರದಿಂದ ಬಸ್ಸು ಮಾಡಿಕೊಂಡು ಬಂದ ಒಂದು ಶಾಲೆಯ ಮಕ್ಕಳು ಮುಚ್ಚಿದ ಬಾಗಿಲು ನೋಡಿ ಹಿಂತಿರುಗಿದರು. ಆಮೇಲೆ ಜ್ವರ ಬಂದರೂ, ಮೊಣಕಾಲು ಊದಿಕೊಂಡರೂ ಅವರು ರಜಾ ಹಾಕಿಲ್ಲ. ಇನ್ನೊಬ್ಬರಿಗೆ ಕಲಿಸುತ್ತೇನೆ, ಜನ ಕೊಡಿ ಎಂದು ಗ್ರಂಥಪಾಲಕಿಯ ಬೆನ್ನು ಬಿದ್ದರು.

ಹೊಸಬರನ್ನು ನೇಮಿಸಲು ಅನುಮತಿ ಸಿಗಲಿಲ್ಲ. ಸಿಕ್ಕಿದವರು ಗೇಟಿನ ಕಾವಲುಗಾರ. ಐವತ್ತಮೂರರ ಆಜಾನುಬಾಹು, ಮಾತು ಕಡಿಮೆ. ಹಿಡಿಯುವುದರಲ್ಲಿ ಕಲಿಯುವುದೇನಿದೆ ಎಂದು ಮೊದಲ ದಿನ ಅವರ ಮುಖದಲ್ಲೇ ಬರೆದಿತ್ತು. ಹಿಡಿಯಕ್ಕ ಅವರ ಕಣ್ಣಿಗೆ ಬಟ್ಟೆ ಕಟ್ಟಿ, ಕೋಣೆಯ ಒಂದು ಗೋಡೆಯಿಂದ ಇನ್ನೊಂದಕ್ಕೆ ನಡೆಸಿದರು. ಹತ್ತೇ ಹೆಜ್ಜೆ. ನಾಲ್ಕನೆಯದಕ್ಕೆ ಆ ದೊಡ್ಡ ಮನುಷ್ಯ ಹಿಡಿಯಕ್ಕನ ಮಣಿಕಟ್ಟನ್ನು ಬೆರಳ ಗುರುತು ಮೂಡುವಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದರು. ಅಂದಿನಿಂದ ಹಿಡಿಯಕ್ಕ ಹೇಳಿದ್ದನ್ನು ಕಾವಲುಗಾರ ಮರುಮಾತಿಲ್ಲದೆ ಕೇಳುತ್ತಾರೆ. ಮೂರು ವಾರವಾಗಿದೆ. ಒಂದು ವೃತ್ತವನ್ನು ಈಗ ಅವರೇ ನೋಡಿಕೊಳ್ಳುತ್ತಾರೆ. ಮೊನ್ನೆ ಒಂದೇ ದಿನ ಇಬ್ಬರನ್ನು ಹಿಡಿದರು.

ಹೀಗಾಗಿ ಮುಂದಿನ ತಿಂಗಳು ಹಿಡಿಯಕ್ಕ ಎರಡು ದಿನ ರಜಾ ಕೇಳಿದ್ದಾರೆ, ಮಂಜೂರೂ ಆಗಿದೆ. ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದ್ದಕ್ಕೆ ಸೊಂಟದ ಪಟ್ಟಿಗಳನ್ನು ಮಡಚುತ್ತಲೇ ಉತ್ತರಿಸುತ್ತಾರೆ.

"ಎಲ್ಲಿಗೂ ಇಲ್ಲ. ಮನೇಲಿ ಕಾಲು ಚಾಚ್ಕೊಂಡು ಕೂತ್ಕೊಳ್ತೀನಿ. ಹನ್ನೊಂದು ಗಂಟೆಗೆ ಗಡಿಯಾರ ನೋಡಿ, ಈಗ ಬಾಗಿಲು ತೆಗೆದಿರ್ತಾರೆ ಅಂದ್ಕೊಳ್ತೀನಿ. ಅಷ್ಟು ಸಾಕು."