ಆರಾಮಿನ ದಿನ

ದಡ್ಡತನ ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ಉಸ್ತಾದರ ದನಿಯನ್ನು ಅಣಕಿಸುವುದರಲ್ಲಿ ಎಷ್ಟು ಮುಳುಗಿದ್ದೆನೆಂದರೆ, ಅವರು ಹೇಳಿದ್ದನ್ನು ಒಮ್ಮೆಯೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವರು ಸಿರಾದವರು. ಪಲ್ಟನ್ನಿನಲ್ಲಿ ಬಾಕ್ಸಿಂಗ್ ಕಲಿತು ಬಂದು, ಮಧುಗಿರಿಯ ನಮ್ಮ ಗರಡಿಯಲ್ಲಿ ಹೇಳಿಕೊಡುತ್ತಿದ್ದರು. "ಒಂದಿನ ಹೊಡಿ, ಒಂದಿನ ಆರಾಮ್, ಸಮ್ಜಾ?" ಎನ್ನುತ್ತಿದ್ದರು. ನಾನು ಇಲ್ಲದ ಮೀಸೆ ತಿರುವಿ, ಅದೇ ಗಂಟಲಲ್ಲಿ ಅದನ್ನೇ ಹೇಳಿ ಇಡೀ ಗರಡಿಯನ್ನು ನಗಿಸುತ್ತಿದ್ದೆ. ಆಮೇಲೆ ಮನೆಗೆ ಹೋಗಿ, ಆರಾಮಿನ ದಿನವೂ ಕೊಟ್ಟಿಗೆಯಲ್ಲಿ ತೂಗುಹಾಕಿದ್ದ ಹೊಟ್ಟಿನ ಮೂಟೆಗೆ ಗುದ್ದುತ್ತಿದ್ದೆ. ಶುಕ್ರವಾರದ ಪಂದ್ಯದಲ್ಲಿ ಸಿರಾದ ಹುಡುಗನ ಎದುರು ನನ್ನನ್ನೇ ಇಳಿಸುತ್ತೇನೆಂದು ಉಸ್ತಾದರು ಮಾತು ಕೊಟ್ಟಿದ್ದರಲ್ಲ!

ಭಾನುವಾರ ಅವರು "ಕೈ ಎತ್ತಿ ಮುಖ ಕಾಯ್ಕೊ" ಅಂದರು. ನನ್ನ ಕೈ ಎದೆಯವರೆಗೆ ಬಂದು ನಿಂತುಬಿಟ್ಟಿತು.

"ಶುಕ್ರವಾರಾನೂ ಇಂಗೇ ಇದ್ರೆ ಬೇರೆಯವನನ್ನ ಇಳಿಸ್ತೀನಿ, ಹೋಗು," ಎಂದು ಮನೆಗೆ ಕಳಿಸಿದರು.

ಅಜ್ಜಿ ಹರಳೆಣ್ಣೆ ಬಿಸಿ ಮಾಡಿ ತೋಳಿಗೆ ತಿಕ್ಕಿದಳು. ಆದರೂ ಮರುದಿನ ಬೆಳಗ್ಗೆ ಎದ್ದವನೇ ಮತ್ತೆ ಮೂಟೆಯ ಕಡೆಗೆ ಹೊರಟೆ. ಶುಕ್ರವಾರ ನನ್ನ ಕೈ ಮುಖದವರೆಗೆ ಎದ್ದದ್ದು, ಸೋತರೂ ಮೂಗು ಉಳಿಸಿಕೊಂಡು ನಗುತ್ತ ಬಂದದ್ದು, ಆ ಬೆಳಗ್ಗೆ ಕೊಟ್ಟಿಗೆಯ ಬಾಗಿಲಲ್ಲಿ ಕೇಳಿದ ಮಾತಿನಿಂದ.

ಒಳಗೆ ನಮ್ಮ ಎತ್ತುಗಳು ಮೆಲುಕು ಹಾಕುತ್ತ ನೆಮ್ಮದಿಯಾಗಿ ಮಲಗಿದ್ದವು. ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

"ಇವತ್ತು ಸೋಮವಾರ. ಬಸವಣ್ಣನ ದಿನ ಅಂತ ಎತ್ತಿಗೂ ನೊಗ ಹೂಡಲ್ಲ. ಸೋಮವಾರಾನೂ ದುಡಿಯೋದು ಕತ್ತೆ ಒಂದೇ ಕಣ್ಲಾ. ನೀನು ಯಾವುದು, ನೀನೇ ಯೋಳು."